ಶತ್ರುವಿನ ಊರನ್ನು ಕಟ್ಟಹೋದವರು

ತರುಣರ ಸಂಘ ಎಂದೊಡನೆ ನಮ್ಮ ಕಣ್ಣ ಮುಂದೆ ಒಂದು ಚಿತ್ರ ಬಂದು ನಿಲ್ಲುತ್ತದೆ. ಒಂದೇ ಬಗೆಯ ಉಡುಪು, ಕೊರಳಿಗೆ ಕಟ್ಟಿದ ವಸ್ತ್ರ, ಮುಂದೆ ಬಾವುಟ, ಹಿಂದೆ ವಾದ್ಯ. ವರ್ಷಕ್ಕೊಮ್ಮೆ ಸಮ್ಮೇಲನ, ಅದರಲ್ಲಿ ಅಧ್ಯಕ್ಷಭಾಷಣ, ನಿರ್ಣಯಗಳು, ವಂದನಾರ್ಪಣೆ. ಈ ಚಿತ್ರ ಸುಳ್ಳೆಂದು ಹೇಳುವಂತಿಲ್ಲ. ಆದರೆ ಅದೇ ಪೂರ್ತಿಯಾದ ಚಿತ್ರವೂ ಅಲ್ಲ. ಬಾವುಟವನ್ನು ಬದಿಗಿಟ್ಟು ಗುದ್ದಲಿಯನ್ನು ಹಿಡಿದುಕೊಂಡು, ನಿನ್ನೆಯವರೆಗೆ ತಮ್ಮ ದೇಶದ ಶತ್ರುಗಳಾಗಿದ್ದವರ ಊರಿಗೆ ಹೋಗಿ, ಅಲ್ಲಿ ಬಿದ್ದ ಗೋಡೆಗಳನ್ನು ಎತ್ತಿದ ಕೆಲವರ ಕಥೆಯೂ ಈ ಚರಿತ್ರೆಯಲ್ಲಿ ಸೇರಿದೆ. ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಆ ಕಥೆಯನ್ನು.

ದೇಶದೇಶಗಳ ತರುಣರನ್ನು ಒಂದು ಸೂತ್ರದಲ್ಲಿ ಪೋಣಿಸುವ ಯತ್ನ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೊದಲಾಯಿತು. ಲಂಡನ್ನಿನ ಒಂದು ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್ ಎಂಬ ತರುಣನೂ ಅವನ ಗೆಳೆಯರೂ ೧೮೪೪ನೆಯ ಇಸವಿಯಲ್ಲಿ ಕ್ರೈಸ್ತ ತರುಣರ ಸಂಘವನ್ನು ಸ್ಥಾಪಿಸಿದರು. ಇಂದು ಅದನ್ನು ವೈ.ಎಂ.ಸಿ.ಎ. ಎಂದು ಎಲ್ಲರೂ ಬಲ್ಲರು. ೧೮೫೫ರ ಹೊತ್ತಿಗೆ ಅದು ಹಲವು ದೇಶಗಳಿಗೆ ಹಬ್ಬಿ, ಪ್ಯಾರಿಸ್ಸಿನಲ್ಲಿ ಒಂದು ಜಾಗತಿಕ ಒಕ್ಕೂಟವಾಯಿತು. ೧೮೯೫ರಲ್ಲಿ ಸ್ವೀಡನ್ ದೇಶದ ವಾಡ್‌ಸ್ಟೇನ ಎಂಬ ಊರಿನಲ್ಲಿ ಜಾನ್ ಮಾಟ್ ಮೊದಲಾದವರು ಸೇರಿ ಕ್ರೈಸ್ತ ವಿದ್ಯಾರ್ಥಿಗಳ ವಿಶ್ವ ಒಕ್ಕೂಟವನ್ನು ಕಟ್ಟಿದರು. ೧೯೦೭ರಲ್ಲಿ ಬೇಡನ್ ಪೊವೆಲ್ ಅವರು ಸುಮಾರು ಇಪ್ಪತ್ತು ಮಂದಿ ಹುಡುಗರನ್ನು ಬ್ರೌನ್‌ಸೀ ದ್ವೀಪಕ್ಕೆ ಕರೆದುಕೊಂಡು ಹೋಗಿ ಬಿಡಾರ ಹೂಡಿದರು. ಬಾಲಚರ ಚಳವಳಿ ಅಲ್ಲಿಂದ ಬೆಳೆಯಿತು. ಇವರೆಲ್ಲರ ಆಶಯವೂ ದೊಡ್ಡದೇ. ತರುಣರು ಒಬ್ಬರನ್ನೊಬ್ಬರು ಅರಿತರೆ ದೇಶಗಳು ಒಂದನ್ನೊಂದು ದ್ವೇಷಿಸಲಾರವು ಎಂಬುದು ಅವರ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಅಗ್ನಿಪರೀಕ್ಷೆ ೧೯೧೪ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಬಂತು. ಹಿಂದಿನ ವರ್ಷಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡಿದ್ದ ಆಂಗ್ಲೇಯ, ಜರ್ಮನ್, ಫ್ರೆಂಚ್ ವಿದ್ಯಾರ್ಥಿಗಳು ತಮ್ಮ ತಮ್ಮ ದೇಶದ ಸೈನ್ಯಗಳನ್ನು ಸೇರಿ, ಕಂದಕಗಳಲ್ಲಿ ಎದುರುಬದುರಾಗಿ ನಿಂತರು. ಸಮ್ಮೇಲನಗಳ ನಿರ್ಣಯಗಳು ಒಂದು ಗುಂಡನ್ನೂ ತಡೆಯಲಿಲ್ಲ. ಹಾಗಾದರೆ ಈ ಸ್ನೇಹವೆಲ್ಲ ಶಾಂತಿಕಾಲದ ಆಟವೇ? ಯುದ್ಧ ಮುಗಿದಮೇಲೆ ಯೂರೋಪಿನ ವಿಚಾರವಂತರು ಕೇಳಿಕೊಂಡ ಪ್ರಶ್ನೆ ಇದು. ೧೯೨೦ನೆಯ ಇಸವಿ ಒಂದರಲ್ಲಿಯೇ ಇದಕ್ಕೆ ಎರಡು ಕಡೆಗಳಿಂದ ಉತ್ತರ ಹುಟ್ಟಿತು. ಒಂದು ಹುಟ್ಟಿದ್ದು ಹಸಿವಿನಿಂದ, ಮತ್ತೊಂದು ಹಾಳೂರಿನಿಂದ.

ಹಸಿವಿನ ಕಥೆ ವಿಯೆನ್ನಾ ನಗರದ್ದು. ಯುದ್ಧದಲ್ಲಿ ಸೋತ ಆಸ್ಟ್ರಿಯಾ ಸಾಮ್ರಾಜ್ಯ ಚೂರುಚೂರಾಗಿ, ಅದರ ರಾಜಧಾನಿಗೆ ಅನ್ನವನ್ನೂ ಕಲ್ಲಿದ್ದಲನ್ನೂ ಒದಗಿಸುತ್ತಿದ್ದ ಸೀಮೆಗಳು ಹೊರದೇಶಗಳಾಗಿ ಹೋಗಿದ್ದವು. ನಾಣ್ಯದ ಬೆಲೆ ಕುಸಿದು, ಮಧ್ಯಮವರ್ಗದವರು ಕೂಡಿಟ್ಟಿದ್ದ ಹಣ ಕರಗಿತ್ತು. ಸೈನ್ಯದಿಂದ ಹಿಂದಿರುಗಿದ ಸಾವಿರಾರು ವಿದ್ಯಾರ್ಥಿಗಳು ಹರಕು ಸೈನಿಕ ಉಡುಪಿನಲ್ಲಿಯೇ ವಿಶ್ವವಿದ್ಯಾನಿಲಯಕ್ಕೆ ಬರುತ್ತಿದ್ದರು. ಕಾವಿಲ್ಲದ ಕೋಣೆ, ಬರಿಯ ಹೊಟ್ಟೆ, ಕ್ಷಯರೋಗದ ಭಯ. ಇವು ಅವರ ನಿತ್ಯಸಂಗಾತಿಗಳಾಗಿದ್ದವು. ೧೯೨೦ರ ಆದಿಯಲ್ಲಿ ರೂತ್ ರೌಸ್ ಎಂಬ ಆಂಗ್ಲ ಮಹಿಳೆ ಅಲ್ಲಿಗೆ ಬಂದರು. ಈಕೆ ಮೇಲೆ ಹೇಳಿದ ವಿದ್ಯಾರ್ಥಿಗಳ ವಿಶ್ವ ಒಕ್ಕೂಟದ ಕಾರ್ಯದರ್ಶಿಗಳಲ್ಲಿ ಒಬ್ಬರು, ಗೆದ್ದ ದೇಶದವರು. ಸೋತ ದೇಶದ ವಿದ್ಯಾರ್ಥಿಗಳ ಸ್ಥಿತಿಯನ್ನು ಕಂಡು, ಜಗತ್ತಿನ ಇತರ ವಿದ್ಯಾರ್ಥಿಗಳು ಇವರನ್ನು ಸಾಯಗೊಡಬಾರದೆಂದು ಅವರು ಮೊರೆಯಿಟ್ಟರು. ಆ ವರ್ಷದ ಬೇಸಗೆಯಲ್ಲಿ ಸ್ವಿಟ್ಜರ್ಲೆಂಡಿನ ಬೇಯಾಟೆನ್‌ಬರ್ಗ್ ಎಂಬಲ್ಲಿ ಒಕ್ಕೂಟದ ಸಭೆ ಸೇರಿ, ಯೂರೋಪಿನ ವಿದ್ಯಾರ್ಥಿ ಪರಿಹಾರಕಾರ್ಯವನ್ನು ಕೈಕೊಳ್ಳಬೇಕೆಂದು ಗೊತ್ತುಮಾಡಿತು.

ಈ ಕಾರ್ಯಕ್ಕೆ ಅವರು ಇಟ್ಟುಕೊಂಡ ಕಟ್ಟಳೆಗಳು ಗಮನಾರ್ಹವಾದವು. ಮೊದಲನೆಯದು, ಜನಾಂಗ, ದೇಶ, ಮತ ಯಾವುದನ್ನೂ ಕೇಳದೆ ಅವಶ್ಯಕತೆಯೊಂದನ್ನೇ ನೋಡಿ ಸಹಾಯ ಮಾಡತಕ್ಕದ್ದು. ಎರಡನೆಯದು, ಆದಷ್ಟು ಮಟ್ಟಿಗೆ ಸಹಾಯ ಹೊಂದುವವರೇ ಆ ಸಹಾಯದ ಆಡಳಿತವನ್ನೂ ನಡೆಸತಕ್ಕದ್ದು. ದಾನ ತೆಗೆದುಕೊಂಡವನ ತಲೆ ತಗ್ಗುವುದು ಲೋಕಸ್ವಭಾವ. ತಲೆ ತಗ್ಗಿದವನಿಗೆ ಕೊಟ್ಟವನ ಮೇಲೆ ಪ್ರೀತಿ ಹುಟ್ಟುವುದು ಅಪರೂಪ. ಇದನ್ನು ಬಲ್ಲವರಾದ್ದರಿಂದ ಅವರು ವಿದ್ಯಾರ್ಥಿಗಳ ಕೈಯಲ್ಲಿಯೇ ಊಟದ ಮನೆಗಳನ್ನೂ, ಜೋಡು ರಿಪೇರಿಯ ಅಂಗಡಿಗಳನ್ನೂ, ಬಟ್ಟೆ ಒಗೆಯುವ ಮನೆಗಳನ್ನೂ ನಡೆಸಿದರು. ಇದರ ಫಲ ಎಲ್ಲಕ್ಕಿಂತ ಹೆಚ್ಚಾಗಿ ಜರ್ಮನಿಯಲ್ಲಿ ಕಂಡುಬಂತು. ವಿದ್ಯಾರ್ಥಿಯೆಂದರೆ ಮೈಮುರಿದು ದುಡಿಯತಕ್ಕವನಲ್ಲವೆಂಬ ಗರ್ವ ಆ ದೇಶದಲ್ಲಿ ಬಲವಾಗಿದ್ದಿತು. ಈಗ ರಜಾದಿನಗಳಲ್ಲಿ ಗಣಿಗಳಿಗೂ ಕಾರ್ಖಾನೆಗಳಿಗೂ ಹೋಗಿ ಕೂಲಿಗಾರರ ಜೊತೆಯಲ್ಲಿ ದುಡಿದು ಓದಿನ ವೆಚ್ಚವನ್ನು ಸಂಪಾದಿಸುವ ವಿದ್ಯಾರ್ಥಿಗಳ ಒಂದು ಪಂಗಡವೇ ಬೆಳೆಯಿತು. ರಷ್ಯಾದಲ್ಲಿ ೧೯೨೧-೨೨ರಲ್ಲಿ ಭಯಂಕರವಾದ ಕ್ಷಾಮ ಬಂದಾಗ ಅಲ್ಲಿಯ ವಿದ್ಯಾರ್ಥಿಗಳಿಗೂ ಈ ಸಂಸ್ಥೆ ಊಟವಿಕ್ಕಿತು.

ಇದರ ಜೊತೆಗೆ ಇನ್ನೊಂದು ಪ್ರಯೋಜನವೂ ಆಯಿತು. ಪರಿಹಾರದ ಲೆಕ್ಕವನ್ನು ವಿಚಾರಿಸುವುದಕ್ಕಾಗಿ ಜೆಕೊಸ್ಲೊವಾಕಿಯಾದ ತುರ್ನೋವಿನಲ್ಲಿ ೧೯೨೨ರಲ್ಲಿ ಸೇರಿದ ಸಭೆಯಲ್ಲಿ, ರಾಜಕಾರಣಿಗಳು ಸೇರಿದ್ದರೆ ಒಂದು ಗಂಟೆಯೂ ಒಟ್ಟಿಗೆ ಕೂರಲಾರದಂಥ ದೇಶಗಳ ವಿದ್ಯಾರ್ಥಿಗಳು ಒಂದೆಡೆ ಕುಳಿತು ಮಾತನಾಡಿದರು. ಅಕ್ಕಿಬೇಳೆಯ ಲೆಕ್ಕದಿಂದ ಮೊದಲಾದ ಮಾತು ಮೆಲ್ಲಮೆಲ್ಲನೆ ಗಡಿಗಳ ಮಾತಿಗೂ, ದ್ವೇಷದ ಮಾತಿಗೂ ಬಂತು, ಜಗಳಗಳೂ ಆದವು, ಆದರೆ ಸಭೆ ಮುರಿಯಲಿಲ್ಲ. ೧೯೨೦ರ ದಶಕದ ಮಧ್ಯದಲ್ಲಿ ಈ ಸಂಸ್ಥೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಸೇವಾಸಂಸ್ಥೆ ಎಂಬ ಹೆಸರನ್ನು ತಾಳಿತು. ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಯೆಹೂದ್ಯ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಹೊರದೂಡಿದಾಗ ಅವರ ನೆರವಿಗೆ ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಸೆರೆಯಾದ ವಿದ್ಯಾರ್ಥಿಗಳಿಗೆ ಪುಸ್ತಕಗಳನ್ನು ಕಳುಹಿಸುವ ಕಾರ್ಯವನ್ನು ಈ ಪರಂಪರೆಯವರೇ ನಡೆಸಿದರು. ೧೯೫೦ರಲ್ಲಿ ಅದು ವಿಶ್ವ ವಿಶ್ವವಿದ್ಯಾನಿಲಯ ಸೇವಾಸಂಸ್ಥೆಯಾಗಿ ಮಾರ್ಪಟ್ಟಿತು.

ಇನ್ನು ಹಾಳೂರಿನ ಕಥೆ. ಇದರ ನಾಯಕರು ಸ್ವಿಟ್ಜರ್ಲೆಂಡಿನ ಪಿಯೆರ್ ಸೆರೆಸೋಲ್ ಎಂಬವರು. ಅವರು ೧೮೭೯ರಲ್ಲಿ ಲೋಸಾನ್ ನಗರದಲ್ಲಿ ಹುಟ್ಟಿದರು. ತಂದೆ ಪಾಲ್ ಸೆರೆಸೋಲ್ ಆ ದೇಶದ ಅಧ್ಯಕ್ಷ ಪದವಿಯಲ್ಲಿದ್ದವರು. ಮಗ ಗಣಿತವನ್ನೂ ಯಂತ್ರಶಾಸ್ತ್ರವನ್ನೂ ಓದಿ ಎಂಜಿನಿಯರಾದನು. ಮನೆತನವಿತ್ತು, ವಿದ್ಯೆಯಿತ್ತು, ಸುಖವಾದ ಬಾಳು ಕೈಗೆಟುಕುವಂತಿತ್ತು. ಅದನ್ನು ಬಿಟ್ಟು ಅವರು ಅಮೆರಿಕಕ್ಕೂ, ಹವಾಯಿ ದ್ವೀಪಗಳಿಗೂ, ಜಪಾನಿಗೂ ಹೋಗಿ, ಕೆಲವು ಕಡೆ ಕೂಲಿಯವರ ಸಮಕ್ಕೆ ಕೈಕೆಲಸ ಮಾಡಿದರು. ಸ್ವದೇಶಕ್ಕೆ ಹಿಂದಿರುಗಿದಾಗ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತ್ತು. ತಂದೆಯಿಂದ ಬಂದ ಆಸ್ತಿಯನ್ನು ಅವರು ಸರ್ಕಾರಕ್ಕೆ ಬಿಟ್ಟುಕೊಟ್ಟರು. ೧೯೧೭ರಲ್ಲಿ, ಸೈನ್ಯಕ್ಕೆ ಸೇರದವರು ತೆರಬೇಕಾಗಿದ್ದ ಸೈನಿಕ ತೆರಿಗೆಯನ್ನು ಕೊಡಲಾರೆನೆಂದು ನಿರಾಕರಿಸಿ ಸೆರೆಮನೆಯನ್ನೂ ಕಂಡರು.

ಆದರೆ ಸೆರೆಸೋಲರ ಹೆಚ್ಚಳ ಇರುವುದು ನಿರಾಕರಣೆಯಲ್ಲಿ ಅಲ್ಲ. ಯುದ್ಧಕ್ಕೆ ಬರುವುದಿಲ್ಲವೆಂದು ಹೇಳಿದವನಿಗೆ ಲೋಕ ಒಂದು ಪ್ರಶ್ನೆ ಕೇಳುವುದು ನ್ಯಾಯವೇ: ನಿನ್ನ ನೆರೆಯ ಹುಡುಗ ದೇಶಕ್ಕಾಗಿ ಕಷ್ಟಪಡುತ್ತಿರುವಾಗ ನೀನು ಮನೆಯಲ್ಲಿ ಬೆಚ್ಚಗೆ ಕುಳಿತಿರುವೆಯಲ್ಲಾ? ಈ ಪ್ರಶ್ನೆಯ ಮುಳ್ಳು ಸೆರೆಸೋಲರಿಗೆ ಚುಚ್ಚಿತ್ತು. ಸೈನಿಕನ ಕಷ್ಟಸಹಿಷ್ಣುತೆ, ಶಿಸ್ತು, ಒಟ್ಟುಬಾಳು ಇವು ಒಳ್ಳೆಯ ಗುಣಗಳು. ಅವನ್ನು ಕೊಲೆಯಿಂದ ಬಿಡಿಸಿ ಕಟ್ಟುವ ಕೆಲಸಕ್ಕೆ ಹಚ್ಚಬೇಕು ಎಂದು ಅವರು ಯೋಚಿಸಿದರು. ಅಮೆರಿಕದ ತತ್ತ್ವಜ್ಞಾನಿ ವಿಲಿಯಮ್ ಜೇಮ್ಸ್ ೧೯೧೦ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಯುದ್ಧಕ್ಕೆ ಬದಲಾಗಿ ತರುಣರಿಗೆ ಗಣಿ, ರಸ್ತೆ, ಹಡಗುಗಳ ದುಡಿಮೆಯನ್ನು ಕೊಡಬೇಕೆಂದು ಸೂಚಿಸಿದ್ದರು. ಜೇಮ್ಸ್ ಕಾಗದದ ಮೇಲೆ ಬರೆದದ್ದನ್ನು ಸೆರೆಸೋಲ್ ನೆಲದ ಮೇಲೆ ಮಾಡಹೊರಟರು.

ಅವಕಾಶ ೧೯೨೦ರ ಬೇಸಗೆಯಲ್ಲಿ ಬಂತು. ಹಾಲೆಂಡಿನ ಬಿಲ್ತೋವನ್ ಎಂಬ ಊರಿನಲ್ಲಿ ನಾನಾ ದೇಶಗಳ ಶಾಂತಿವಾದಿಗಳ ಸಭೆ ಸೇರಿತ್ತು. ಮಾತು ಬೇಕಾದಷ್ಟು ನಡೆದಿತ್ತು. ಆಗ ಒಬ್ಬ ಜರ್ಮನನು ಎದ್ದು, ತನ್ನ ಸೋದರನು ಸೈನ್ಯದಲ್ಲಿದ್ದು ಉತ್ತರ ಫ್ರಾನ್ಸನ್ನು ಹಾಳುಮಾಡಿದವರಲ್ಲಿ ಒಬ್ಬನು, ತಾನು ಅಲ್ಲಿಗೆ ಹೋಗಿ ಕೈಯಾರೆ ಕಟ್ಟಿಕೊಡುವುದಕ್ಕೆ ಸಿದ್ಧನಾಗಿದ್ದೇನೆ ಎಂದನೆಂದು ಪ್ರತೀತಿ. ಸೆರೆಸೋಲರು ಆ ಮಾತನ್ನು ಹಿಡಿದುಕೊಂಡರು. ಹ್ಯೂಬರ್ಟ್ ಪ್ಯಾರಿಸ್ ಎಂಬ ಆಂಗ್ಲೇಯ ಕ್ವೇಕರರು ಜೊತೆಗೂಡಿ, ಸ್ಥಳವನ್ನು ಹುಡುಕಿಕೊಟ್ಟರು. ಆ ಸ್ಥಳ ವರ್ಡನ್ ಕೋಟೆಯ ಹತ್ತಿರದ ಎನ್ ಎಂಬ ಹಳ್ಳಿ.

ವರ್ಡನ್ ಎಂಬ ಹೆಸರಿನ ಅರ್ಥ ಫ್ರೆಂಚರಿಗೆ ಏನೆಂಬುದನ್ನು ಸ್ವಲ್ಪ ನೆನೆಯಬೇಕು. ೧೯೧೬ರ ಫೆಬ್ರವರಿಯಿಂದ ಡಿಸೆಂಬರಿನವರೆಗೆ ಅಲ್ಲಿ ನಡೆದ ಒಂದೇ ಕದನದಲ್ಲಿ ಎರಡೂ ಪಕ್ಷಗಳು ಕೂಡಿ ಸುಮಾರು ಮೂರು ಲಕ್ಷ ಮಂದಿ ಮಡಿದರು. ಫಿರಂಗಿಯ ಗುಂಡುಗಳಿಂದ ನೆಲ ಎಷ್ಟು ಕದಡಿಹೋಯಿತೆಂದರೆ, ಸುತ್ತಣ ಒಂಬತ್ತು ಗ್ರಾಮಗಳನ್ನು ಫ್ರಾನ್ಸಿಗಾಗಿ ಮಡಿದ ಗ್ರಾಮಗಳೆಂದು ಸರ್ಕಾರವೇ ಸಾರಿತು. ಮನುಷ್ಯರಿಗೆ ಹೇಳುವ ಮಾತನ್ನು ಊರುಗಳಿಗೆ ಹೇಳಬೇಕಾಯಿತು. ಎನ್ ಗ್ರಾಮ ಅಷ್ಟು ಪೂರ್ತಿಯಾಗಿ ಅಳಿದಿರಲಿಲ್ಲ. ಆದರೆ ಮನೆಗಳೆಲ್ಲ ಬಿದ್ದು, ಹೊಲಗಳ ತುಂಬ ಗುಂಡಿನ ಕುಳಿಗಳು, ಮುಳ್ಳುತಂತಿ, ಸಿಡಿಯದೆ ಉಳಿದ ಮದ್ದು. ಹಿಂದಿರುಗಿದ ಕೆಲವು ಸಂಸಾರಗಳು ಅಲ್ಲಿ ದಿನ ತಳ್ಳುತ್ತಿದ್ದವು.

೧೯೨೦ರ ನವೆಂಬರಿನಲ್ಲಿ ಈ ಚಿಕ್ಕ ತಂಡ ಅಲ್ಲಿಗೆ ಬಂತು. ಸ್ವಿಸ್ಸರು, ಆಂಗ್ಲೇಯರು, ಡಚ್ಚರು, ಒಬ್ಬ ಹಂಗೇರಿಯವನು, ಅವರ ನಡುವೆ ಜರ್ಮನರು. ಕೂಲಿ ಬೇಡ, ಊಟ ವಸತಿಗಳನ್ನು ತಾವೇ ನೋಡಿಕೊಳ್ಳುವೆವು, ಕೆಲಸವನ್ನು ಮಾತ್ರ ಕೊಡಿ ಎಂದರು. ಚಳಿಗಾಲದುದ್ದಕ್ಕೂ ಅವರು ಹಲಗೆಯ ಮನೆಗಳನ್ನು ಎಬ್ಬಿಸಿದರು, ದಾರಿಯನ್ನು ಸರಿಪಡಿಸಿದರು, ಹೊಲದ ಕುಳಿಗಳನ್ನು ಮುಚ್ಚಿದರು. ಧರ್ಮೋಪದೇಶ ಮಾಡಲಿಲ್ಲ, ಶಾಂತಿಯ ಮೇಲೆ ಭಾಷಣ ಮಾಡಲಿಲ್ಲ. ಮಾತಲ್ಲ, ಕೃತಿ ಎಂಬುದು ಮುಂದೆ ಈ ಸಂಸ್ಥೆಯ ಧ್ಯೇಯವಾಕ್ಯವಾಯಿತು. ಅದರ ಮೊದಲ ವ್ಯಾಖ್ಯಾನ ಬರೆದದ್ದು ಆ ಚಳಿಗಾಲದ ಗುದ್ದಲಿ.

ಈ ಕಥೆ ಇಲ್ಲಿಯೇ ಸುಖಾಂತವಾಗಿ ಮುಗಿದಿದ್ದರೆ ಅದು ನೀತಿಕಥೆಯಾಗುತ್ತಿತ್ತು. ಚರಿತ್ರೆ ಹಾಗೆ ನಡೆಯಲಿಲ್ಲ. ೧೯೨೧ರ ವಸಂತದಲ್ಲಿ ಸ್ಥಳೀಯ ಅಧಿಕಾರಿಗಳು ಜರ್ಮನರು ಅಲ್ಲಿರುವುದಕ್ಕೆ ಆಕ್ಷೇಪಣೆ ತಂದರು. ಜರ್ಮನರು ಹೊರಟುಹೋದರೆ ಉಳಿದವರು ಕೆಲಸ ಮಾಡಬಹುದಾಗಿತ್ತು. ಆದರೆ ಜರ್ಮನರನ್ನು ಬಿಟ್ಟು ಮಾಡುವುದಾದರೆ ಆ ಕೆಲಸಕ್ಕೆ ಅರ್ಥವೇನು? ಮನೆ ಕಟ್ಟುವುದಕ್ಕೆ ಫ್ರಾನ್ಸಿನಲ್ಲಿ ಆಳುಗಳು ಇಲ್ಲದೆ ಇರಲಿಲ್ಲ. ಸೆರೆಸೋಲರು ತಂಡವನ್ನೆಲ್ಲ ಕರೆದುಕೊಂಡು ಹೊರಟುಹೋದರು. ಐದು ತಿಂಗಳ ಪ್ರಯತ್ನ ಹೀಗೆ ಮುರಿಯಿತು.

ಅಧಿಕಾರಿಗಳನ್ನು ಹಳಿಯುವುದು ಸುಲಭ. ಆದರೆ ಆ ಹಳ್ಳಿಯ ಒಬ್ಬ ತಾಯಿಯ ಸ್ಥಾನದಲ್ಲಿ ನಿಂತು ನೋಡಬೇಕು. ಮಗನನ್ನು ಜರ್ಮನರ ಗುಂಡಿಗೆ ಕೊಟ್ಟವಳು ನಾಲ್ಕೇ ವರ್ಷಗಳಲ್ಲಿ ಜರ್ಮನನ ಕೈಯಿಂದ ಮನೆಯ ಬಾಗಿಲನ್ನು ಇಡಿಸಿಕೊಳ್ಳಬೇಕೆಂದರೆ ಅದು ಸಣ್ಣ ಮಾತೇ? ಕ್ಷಮೆಯನ್ನು ಬೇಡುವವನಿಗೆ ಆತುರವಿರಬಹುದು. ಕೊಡುವವರ ಕಾಲ ಬೇರೆ. ಸೆರೆಸೋಲರು ಯಾರನ್ನೂ ಶಪಿಸಲಿಲ್ಲ; ಸುಮ್ಮನೆ ತಮ್ಮ ದೇಶಕ್ಕೆ ಹಿಂದಿರುಗಿ ಇನ್ನೊಂದು ಕೆಲಸವನ್ನು ಹುಡುಕಿಕೊಂಡರು.

ಸ್ವಿಟ್ಜರ್ಲೆಂಡಿನಲ್ಲಿ ಅವರು ಎರಡು ದಾರಿ ಹಿಡಿದರು. ಒಂದು ಕಾನೂನಿನ ದಾರಿ. ಮನಸ್ಸಾಕ್ಷಿಯ ಕಾರಣದಿಂದ ಸೈನ್ಯಕ್ಕೆ ಬರಲಾರದವರಿಗೆ ಅದಕ್ಕಿಂತ ಕಡಮೆಯಲ್ಲದ ಕಷ್ಟದ ನಾಗರಿಕ ಸೇವೆಯನ್ನು ಸರ್ಕಾರವೇ ವಿಧಿಸಬೇಕೆಂದು ೧೯೨೩ರಲ್ಲಿ ಸುಮಾರು ನಲವತ್ತು ಸಾವಿರ ರುಜುಗಳಿಂದ ಕೂಡಿದ ಒಂದು ಬಿನ್ನವತ್ತಳೆ ಅಲ್ಲಿಯ ಶಾಸನಸಭೆಗೆ ಹೋಯಿತು. ಸಭೆ ಅದನ್ನು ತಳ್ಳಿಹಾಕಿತು. ಆ ದೇಶದಲ್ಲಿ ನಾಗರಿಕ ಸೇವೆಯ ಶಾಸನ ಜಾರಿಗೆ ಬಂದದ್ದು ೧೯೯೬ರಲ್ಲಿ. ಬಿನ್ನವತ್ತಳೆ ಸಲ್ಲಿಸಿ ಎಪ್ಪತ್ತಮೂರು ವರ್ಷಗಳಾದ ಮೇಲೆ, ಸೆರೆಸೋಲರು ತೀರಿಕೊಂಡು ಐವತ್ತೊಂದು ವರ್ಷಗಳಾದ ಮೇಲೆ.

ಮತ್ತೊಂದು, ಶಾಸನವನ್ನು ಕಾಯದೆ ಕೆಲಸವನ್ನೇ ಮಾಡಿತೋರಿಸುವ ದಾರಿ. ೧೯೨೪ರಲ್ಲಿ ವೋ ಪ್ರಾಂತದ ಒರ್ಮೋ ಕಣಿವೆಯಲ್ಲಿ ಹಿಮಪ್ರಪಾತದಿಂದ ಹಾಳಾಗಿದ್ದ ನೆಲವನ್ನು ಸ್ವಯಂಸೇವಕರು ಶುದ್ಧಮಾಡಿಕೊಟ್ಟರು. ಪಿಯೆರ್ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಅರ್ನೆಸ್ಟ್ ಸೆರೆಸೋಲ್ ಸ್ವಿಸ್ ಸೈನ್ಯದಲ್ಲಿ ಕರ್ನಲ್ ಆಗಿದ್ದರು. ಒಬ್ಬರು ಸೈನ್ಯವೇ ಬೇಡವೆಂದು ಸೆರೆಮನೆಗೆ ಹೋದವರು, ಮತ್ತೊಬ್ಬರು ಸೈನ್ಯದ ಅಧಿಕಾರಿ. ಆದರೂ ಶಿಬಿರಗಳ ಮುಂದಾಳುತನದಲ್ಲಿ ಅರ್ನೆಸ್ಟರು ಸೋದರನ ಬಲಗೈಯಾಗಿ ನಿಂತರು. ಹೊತ್ತಿಗೆ ಸರಿಯಾಗಿ ಏಳುವುದು, ಸಾಲಾಗಿ ಕೆಲಸಕ್ಕೆ ಹೋಗುವುದು, ಕೊಟ್ಟ ಭಾಗವನ್ನು ಮುಗಿಸಿಯೇ ಬರುವುದು. ಈ ಶಿಸ್ತು ಶಿಬಿರಗಳಿಗೆ ಬಂದದ್ದು ಸೈನ್ಯದಿಂದಲೇ. ಹೆಂಗಸರೂ ಬಂದರು, ಅವರನ್ನು ಸೋದರಿಯರೆಂದು ಕರೆಯುತ್ತಿದ್ದರು. ಮೊದಮೊದಲು ಅಡಿಗೆ, ಒಗೆತ, ಹರಿದ ಬಟ್ಟೆಗಳ ಹೊಲಿಗೆ ಇವು ಅವರ ಪಾಲಿಗೆ ಬಂದಿದ್ದವು. ಲೋಕವನ್ನು ತಿದ್ದಹೊರಟವರು ಕೂಡ ಮನೆಯೊಳಗಿನ ಹಳೆಯ ಕಟ್ಟಳೆಯನ್ನು ಒಮ್ಮೆಗೇ ಬಿಡಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

೧೯೨೭ರ ಸೆಪ್ಟೆಂಬರಿನಲ್ಲಿ ರೈನ್ ನದಿ ಏರಿ ಒಡ್ಡನ್ನು ಒಡೆದು ಲಿಕ್ಟೆನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನವನ್ನು ಮುಳುಗಿಸಿತು. ನೀರು ಇಳಿದಮೇಲೆ ಹೊಲಗಳ ಮೇಲೆ ಕಲ್ಲು, ಮರಳು, ಕೆಸರು ರಾಶಿಬಿದ್ದಿದ್ದವು. ೧೯೨೮ರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಏಳುನೂರಕ್ಕೆ ಮಿಕ್ಕ ಸ್ವಯಂಸೇವಕರು ಅಲ್ಲಿಗೆ ಬಂದು, ತಿಂಗಳುಗಟ್ಟಲೆ ಆ ಕಲ್ಲುಮಣ್ಣುಗಳನ್ನು ತೆಗೆದುಹಾಕಿದರು. ಅವರಲ್ಲಿ ವಿದ್ಯಾರ್ಥಿಗಳು ಬಹು ಮಂದಿ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೆ ಬಂಡಿಯನ್ನು ತಳ್ಳುವಾಗ ಮುಂದಿನವನಿಗೂ ಹಿಂದಿನವನಿಗೂ ಬೇಕಾಗುವ ಮಾತುಗಳು ನಾಲ್ಕೈದೇ. ಎರಡು ವರ್ಷ ಕಳೆದು, ೧೯೩೦ರಲ್ಲಿ, ದಕ್ಷಿಣ ಫ್ರಾನ್ಸಿನ ತಾರ್ನ್ ನದಿಯ ಸೀಮೆಯಲ್ಲಿ ಘೋರವಾದ ನೆರೆ ಬಂದಾಗ ಲಗಾರ್ದ್ ಎಂಬ ಊರಿನಲ್ಲಿ ಈ ದಳ ಬಿಡಾರ ಮಾಡಿತು. ಜರ್ಮನರೂ ಸೇರಿದ್ದ ದಳಕ್ಕೆ ಫ್ರೆಂಚ್ ನೆಲದಲ್ಲಿ ಈ ಸಲ ಎಡೆ ದೊರಕಿತು. ಎನ್ ಗ್ರಾಮದಲ್ಲಿ ಮುರಿದ ಕೆಲಸ ಹತ್ತು ವರ್ಷಗಳಾದ ಮೇಲೆ ಮುಂದುವರಿಯಿತು.

ಇಂಗ್ಲೆಂಡಿನ ವಿದ್ಯಾರ್ಥಿಗಳು ಈ ಕಾರ್ಯಕ್ಕೆ ಬಂದದ್ದು ನೆರೆಯಿಂದಲ್ಲ, ನಿರುದ್ಯೋಗದಿಂದ. ದಕ್ಷಿಣ ವೇಲ್ಸಿನ ಬ್ರಿನ್‌ಮಾರ್ ಎಂಬ ಗಣಿಯೂರಿನಲ್ಲಿ ಕಲ್ಲಿದ್ದಲಿನ ಕೆಲಸ ನಿಂತು ಜನ ದಿಕ್ಕುಗೆಟ್ಟಿದ್ದರು. ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಜಾನ್ ಇನೆಬ್ನಿಟ್ ಎಂಬ ಸ್ವಿಸ್ ಮಹನೀಯರ ಪ್ರಯತ್ನದಿಂದ ೧೯೩೧ರಲ್ಲಿ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ, ಊರಿನವರ ಜೊತೆಯಲ್ಲಿ ಒಂದು ಉದ್ಯಾನವನ್ನೂ ಈಜುಕೊಳವನ್ನೂ ಮಾಡಿದರು. ಇಲ್ಲಿ ಒಂದು ಸೂಕ್ಷ್ಮವಿತ್ತು. ಕೆಲಸವಿಲ್ಲದ ಊರಿಗೆ ಹೋಗಿ ಪುಕ್ಕಟೆಯಾಗಿ ಕೆಲಸ ಮಾಡಿದರೆ ಕೂಲಿಯವನ ಅನ್ನವನ್ನು ಕಿತ್ತುಕೊಂಡಂತಾಗುತ್ತದೆ. ಆದ್ದರಿಂದ ಕೂಲಿ ಕೊಟ್ಟು ಯಾರೂ ಮಾಡಿಸಲಾರದ ಕೆಲಸವನ್ನು ಮಾತ್ರವೇ ಕೈಗೆ ತೆಗೆದುಕೊಳ್ಳಬೇಕೆಂಬ ನಿಯಮವನ್ನು ಈ ಸಂಸ್ಥೆಯವರು ಪಾಲಿಸಿಕೊಂಡು ಬಂದರು.

ಇಷ್ಟರಲ್ಲಿ ಈ ಧಾರೆ ನಮ್ಮ ದೇಶದ ಕಡೆಗೂ ಹರಿಯಿತು. ೧೯೩೪ರ ಜನವರಿ ೧೫ರ ಮಧ್ಯಾಹ್ನ ಬಿಹಾರದಲ್ಲಿ ಭೂಕಂಪವಾಯಿತು. ಮೊಂಗೀರ್, ಮುಜಫರಪುರ, ದರ್ಭಂಗಾ, ಮೋತಿಹಾರಿ ಪಟ್ಟಣಗಳು ಕುಸಿದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಮಡಿದರು. ನೆಲ ಬಿರಿದು ಒಳಗಿನಿಂದ ನೀರೂ ಮರಳೂ ಉಕ್ಕಿ ಪೈರಿನ ಹೊಲಗಳನ್ನು ಮುಚ್ಚಿದವು. ನೆಲದ ಮಟ್ಟವೇ ಅಲ್ಲಲ್ಲಿ ಬದಲಾದುದರಿಂದ ಮಳೆಗಾಲ ಬಂದಾಗ ನೆರೆಯ ನೀರು ಹಿಂದೆ ನುಗ್ಗದಿದ್ದ ಹಳ್ಳಿಗಳಿಗೂ ನುಗ್ಗಿತು. ಸೆರೆಮನೆಯಲ್ಲಿದ್ದ ಬಾಬು ರಾಜೇಂದ್ರಪ್ರಸಾದರು ಬಿಡುಗಡೆ ಹೊಂದಿ ಪರಿಹಾರ ಸಮಿತಿಯ ಭಾರವನ್ನು ಹೊತ್ತರು. ೧೯೩೧ರ ಡಿಸೆಂಬರಿನಲ್ಲಿ ಗಾಂಧೀಜಿ ಸ್ವಿಟ್ಜರ್ಲೆಂಡಿಗೆ ಬಂದಿದ್ದಾಗ ಸೆರೆಸೋಲರು ಅವರನ್ನು ಕಂಡಿದ್ದರು. ಭೂಕಂಪದ ಸುದ್ದಿ ಕೇಳಿದವರು ಅದೇ ವರ್ಷ ಭಾರತಕ್ಕೆ ಬಂದು, ಸ್ಥಳವನ್ನು ನೋಡಿ, ಮತ್ತೆ ಜೊತೆಗಾರರನ್ನು ಕರೆತಂದರು. ಜೋ ವಿಲ್ಕಿನ್‌ಸನ್, ಪಾಲ್ ಶೆಂಕರ್, ಫ್ರೇಜರ್ ಹಾಯ್ಲೆಂಡ್ ಎಂಬ ಮೂವರು ಅವರ ಸಂಗಡ ದುಡಿದವರು.

ಸಂಖ್ಯೆಯಲ್ಲಿ ಅದು ಅತ್ಯಲ್ಪ. ಬಿಹಾರದ ಲಕ್ಷಾಂತರ ಸಂತ್ರಸ್ತರ ನಡುವೆ ನಾಲ್ಕು ಮಂದಿ ಪರದೇಶಿಗಳಿಂದ ಆಗತಕ್ಕದ್ದು ಏನು? ಆದರೆ ಆ ಕಾಲದ ಸನ್ನಿವೇಶವನ್ನು ನೆನೆದರೆ ಅದರ ಅರ್ಥ ತಿಳಿಯುತ್ತದೆ. ಬಿಳಿಯ ಮನುಷ್ಯನೆಂದರೆ ಆಗ ಹಳ್ಳಿಯವರಿಗೆ ಕಲೆಕ್ಟರು, ಇಲ್ಲವೆ ನೀಲಿಯ ತೋಟದ ಧಣಿ. ಅಂಥವನು ಬುಟ್ಟಿಯಲ್ಲಿ ಮಣ್ಣು ತುಂಬಿ ಹೊರುವುದನ್ನು ಅವರು ನೋಡಿದ್ದಿಲ್ಲ. ನಮ್ಮವರಲ್ಲಿಯಾದರೂ, ನಾಲ್ಕಕ್ಷರ ಕಲಿತವನು ಮಣ್ಣು ಮುಟ್ಟನು ಎಂಬ ಭಾವನೆ ಬೇರೂರಿತ್ತು. ಎರಡು ಬಗೆಯ ದೊಡ್ಡಸ್ತಿಕೆಗಳಿಗೂ ಆ ಬುಟ್ಟಿ ಉತ್ತರವಾಯಿತು. ಸರ್ಕಾರದ ಅಧಿಕಾರಿಗಳಿಗೂ ಕಾಂಗ್ರೆಸ್ಸಿನವರಿಗೂ ಮಾತು ನಿಂತಿದ್ದ ಕಾಲ ಅದು. ಸೆರೆಸೋಲರು ಇಬ್ಬರ ಬಳಿಗೂ ಹೋಗಿ, ಇಬ್ಬರಿಂದಲೂ ನೆರವು ಪಡೆದು, ನೆರೆ ಬಾರದ ಎತ್ತರದ ನೆಲದಲ್ಲಿ ಹೊಸ ಹಳ್ಳಿಗಳನ್ನು ಕಟ್ಟಿಸಿದರು. ಊರಿನ ಜನರೇ ಕೆಲಸಗಾರರು; ಪರದೇಶಿಗಳು ಅವರ ಜೊತೆಗಾರರು. ಆ ಹಳ್ಳಿಗಳಲ್ಲಿ ಒಂದಕ್ಕೆ ಶಾಂತಿಪುರವೆಂದು ಹೆಸರಾಯಿತು. ಈ ಕೆಲಸ ೧೯೩೭ರವರೆಗೆ ನಡೆಯಿತು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಇಷ್ಟೆಲ್ಲ ಗುದ್ದಲಿ ಹಿಡಿದರೂ ೧೯೩೯ರಲ್ಲಿ ಎರಡನೆಯ ಮಹಾಯುದ್ಧ ಬಂತಲ್ಲವೆ? ಬಂತು. ಅಷ್ಟೇ ಅಲ್ಲ, ಗುದ್ದಲಿಯೇ ದಾರಿತಪ್ಪಿದ ಉದಾಹರಣೆಯೂ ಕಣ್ಣಿಗೆ ಕಾಣುವಂತಿದೆ. ಜರ್ಮನಿಯಲ್ಲಿ ವಿದ್ಯಾರ್ಥಿಗಳೂ ರೈತರೂ ಕೂಲಿಗಾರರೂ ಒಟ್ಟಿಗೆ ದುಡಿಯುವ ಐಚ್ಛಿಕ ಶಿಬಿರಗಳು ೧೯೨೦ರ ದಶಕದಲ್ಲಿಯೇ ಹುಟ್ಟಿದ್ದವು. ೧೯೩೫ರಲ್ಲಿ ನಾಜಿ ಸರ್ಕಾರ ಶ್ರಮಸೇವೆಯನ್ನು ಕಡ್ಡಾಯಮಾಡಿತು. ತರುಣರು ಗುದ್ದಲಿಗಳನ್ನು ಬಂದೂಕಗಳಂತೆ ಹೆಗಲಿಗೇರಿಸಿ ಕವಾಯತು ಮಾಡಿದರು. ಅಲ್ಲಿಂದ ನೆಟ್ಟಗೆ ಸೈನ್ಯಕ್ಕೆ ಹೋದರು. ನೋಡುವವನ ಕಣ್ಣಿಗೆ ಎರಡು ಶಿಬಿರಗಳೂ ಒಂದೇ ಬಗೆ: ಅದೇ ಬಿಡಾರ, ಅದೇ ಮಣ್ಣು, ಅದೇ ಬೆವರು. ಆದ್ದರಿಂದ ದುಡಿಮೆ ತನ್ನಷ್ಟಕ್ಕೇ ಮೈತ್ರಿಯನ್ನು ತರುವುದೆಂದು ನಂಬಲಾಗದು. ಬಂದವನು ತಾನಾಗಿ ಬಂದನೇ, ಪಕ್ಕದಲ್ಲಿ ಹೊರಗಿನವನಿಗೆ ಎಡೆಯುಂಟೇ, ಕೆಲಸದ ಫಲ ಕಷ್ಟದಲ್ಲಿರುವವನಿಗೆ ಹೋಗುವುದೇ, ಮೆರವಣಿಗೆಗೆ ಹೋಗುವುದೇ. ಈ ಮೂರು ಪ್ರಶ್ನೆಗಳನ್ನು ಕೇಳಿದಲ್ಲದೆ ಒಂದು ಶಿಬಿರದ ಯೋಗ್ಯತೆಯನ್ನು ಅಳೆಯಲಾಗದು. ಎನ್ ಗ್ರಾಮದಲ್ಲಿ ಸೆರೆಸೋಲರು ಜರ್ಮನರನ್ನು ಬಿಟ್ಟು ಕೆಲಸ ಮುಂದುವರಿಸದೆ ಹೋದದ್ದೇಕೆಂಬುದು ಈಗ ಸ್ಪಷ್ಟವಾಗುತ್ತದೆ. ಅವರಿಗೆ ಮನೆಗಿಂತ ಮನೆ ಕಟ್ಟುವ ಕೈಗಳು ಯಾರವೆಂಬುದು ಮುಖ್ಯವಾಗಿತ್ತು.

ಯುದ್ಧದ ನಡುವೆ ಸೆರೆಸೋಲರು ಅಪ್ಪಣೆಯಿಲ್ಲದೆ ಗಡಿ ದಾಟಿ ಜರ್ಮನಿಯೊಳಕ್ಕೆ ಹೋದರು. ಆ ಜನರಿಗೆ ಶಾಂತಿಯ ಮಾತನ್ನು ಎದುರಿನಲ್ಲಿ ಹೇಳಬೇಕೆಂಬುದು ಅವರ ಹಟ. ಸೆರೆ ಸಿಕ್ಕಿ ಹಿಂದಕ್ಕೆ ಕಳುಹಿಸಲ್ಪಟ್ಟು, ಸ್ವದೇಶದ ಸೆರೆಮನೆಯಲ್ಲಿಯೂ ಇದ್ದು, ೧೯೪೫ರ ಅಕ್ಟೋಬರಿನಲ್ಲಿ ದೇಹವನ್ನು ಬಿಟ್ಟರು. ಅವರ ಸಂಸ್ಥೆ ನಿಲ್ಲಲಿಲ್ಲ. ೧೯೪೮ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಇಂಥ ಶ್ರಮಶಿಬಿರಗಳನ್ನು ನಡೆಸುವ ಸಂಘಗಳೆಲ್ಲ ಸೇರಿ ಒಂದು ಹೊಂದಾಣಿಕೆಯ ಸಮಿತಿಯನ್ನು ಮಾಡಿಕೊಂಡವು. ದೇಶವಿಭಜನೆಯಿಂದ ನೆಲೆಗೆಟ್ಟು ಬಂದ ನಿರಾಶ್ರಿತರಿಗಾಗಿ ಫರೀದಾಬಾದಿನಲ್ಲಿ ಹೊಸ ಪಟ್ಟಣ ಏಳುತ್ತಿದ್ದಾಗ ಸೆರೆಸೋಲರ ಶಿಷ್ಯರು ಅಲ್ಲಿಯೂ ಬಂದು ದುಡಿದರು. ಭಾರತದಲ್ಲಿ ಆ ಸಂಸ್ಥೆಯ ಶಾಖೆ ಬೇರೂರಿತು.

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿಯೂ ಇದೇ ವಿಚಾರ ಬೇರೊಂದು ದಾರಿಯಿಂದ ಬಂತು. ವಿದ್ಯಾರ್ಥಿಗಳಿಗೆ ರಾಷ್ಟ್ರಸೇವೆಯನ್ನು ವಿಧಿಸಬೇಕೆಂಬ ಸಲಹೆಯನ್ನು ಸಿ. ಡಿ. ದೇಶಮುಖರ ಸಮಿತಿ ೧೯೫೯ರಲ್ಲಿ ಮುಂದಿಟ್ಟಿತು. ಕೆ. ಜಿ. ಸೈಯದೈನ್ ಅವರು ಹೊರದೇಶಗಳ ಅನುಭವವನ್ನು ಪರಿಶೀಲಿಸಿ, ಸೇವೆ ಐಚ್ಛಿಕವಾಗಿರುವುದೇ ಲೇಸೆಂದು ಸೂಚಿಸಿದರು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು, ಮೂವತ್ತೇಳು ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಪ್ರಾರಂಭವಾಯಿತು. ಅದನ್ನು ಪ್ರಾರಂಭಿಸಿದ ಶಿಕ್ಷಣಮಂತ್ರಿಗಳು ವಿ. ಕೆ. ಆರ್. ವಿ. ರಾವ್, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದವರು, ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಅಂದಿನಿಂದ ಕರ್ನಾಟಕದ ಕಾಲೇಜುಗಳಿಂದಲೂ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಬಿಡಾರ ಮಾಡಿ ಬಂದಿದ್ದಾರೆ. ದಾರಿ ಹಾಕಿದ್ದಾರೆ, ಕೆರೆಯ ಹೂಳು ತೆಗೆದಿದ್ದಾರೆ, ಗಿಡ ನೆಟ್ಟಿದ್ದಾರೆ.

ಆ ಶಿಬಿರಗಳಲ್ಲಿ ಕೆಲವು ನಿಜವಾದ ಸೇವೆ. ಕೆಲವು ಸಮಾರೋಪದ ಭಾಷಣಕ್ಕಾಗಿ ಏರ್ಪಟ್ಟವು. ಯಾವುದು ಯಾವ ಬಗೆಯದೆಂದು ತಿಳಿಯಬೇಕಾದರೆ ಮೇಲಿನ ಮೂರು ಪ್ರಶ್ನೆಗಳೇ ಸಾಕು. ನಮ್ಮ ದೇಶದಲ್ಲಿ ಎರಡನೆಯ ಪ್ರಶ್ನೆಗೆ ಇನ್ನೊಂದು ರೂಪವೂ ಇದೆ. ಸೆರೆಸೋಲರ ಕಾಲದ ಯೂರೋಪಿನಲ್ಲಿ ಹೊರಗಿನವನೆಂದರೆ ಗಡಿಯಾಚೆಯವನು. ನಮ್ಮಲ್ಲಿ ಆ ಗಡಿ ಒಂದೇ ಊರಿನ ಎರಡು ಕೇರಿಗಳ ನಡುವೆ ಹಾದುಹೋಗಿರುವುದುಂಟು. ಶಿಬಿರದ ಗುದ್ದಲಿ ಆ ಗಡಿಯನ್ನು ದಾಟಿ ಕೆಲಸ ಮಾಡಿತೇ, ದುಡಿದವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೇ ಎಂದು ವಿಚಾರಿಸುವುದು ಶಿಬಿರವನ್ನು ನಡೆಸುವ ಅಧ್ಯಾಪಕರ ಕರ್ತವ್ಯ. ಮಕ್ಕಳನ್ನು ಅಲ್ಲಿಗೆ ಕಳುಹಿಸುವ ತಂದೆತಾಯಿಗಳ ಕರ್ತವ್ಯವೂ ಹೌದು.